ಗ್ಲೌಸ್ ಹಾಕಿದ್ದೆವು, ಸ್ಯಾನಿಟೈಸರ್ ಹಚ್ಚಿದ್ದೆವು; ಆದರೂ ನಮಗೇಕೆ ಬಂತು?

ಪ್ರಶ್ನೆ: ನಾನು ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕಳೆದ ತಿಂಗಳು ವಾಂತಿ, ಭೇದಿ ಅಂತ ಒಂದು ಮಗು ಅಡ್ಮಿಟ್ ಆಯಿತು. ನಾಲ್ಕೇ ದಿನದಲ್ಲಿ ನಮ್ಮಲ್ಲಿ ಆರು ಮಂದಿಗೆ ಅದೇ ತೊಂದರೆ. ಎಲ್ಲರೂ ಗ್ಲೌಸ್ ಹಾಕಿದ್ದೆವು, ಸ್ಯಾನಿಟೈಸರ್ ಹಚ್ಚುತ್ತಲೇ ಇದ್ದೆವು. ಸ್ವಲ್ಪ ದಿನ ಮುಂಚೆ ಸೋಂಕು ತಡೆಯುವ ಬಗ್ಗೆ ತರಬೇತಿಯೂ ಆಗಿತ್ತು. ಅದರ ಪರೀಕ್ಷೆಯಲ್ಲಿ ಯಾರಿಗೂ 20ಕ್ಕೆ 17ಕ್ಕಿಂತ ಕಡಿಮೆ ಬಂದಿರಲಿಲ್ಲ. ಹಾಗಾದರೆ ನಮಗೆ ಗೊತ್ತಿಲ್ಲದ್ದು ಏನು? ಎನ್95 ಯಾವಾಗ ಬೇಕು, ಸಾದಾ ಮಾಸ್ಕ್ ಯಾವಾಗ ಸಾಕು ಎಂಬುದರಲ್ಲೂ ಒಬ್ಬೊಬ್ಬರದು ಒಂದೊಂದು ಮಾತು. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಡ್ಯೂಟಿ ಮುಗಿಸಿ ಹೋದಾಗ ಅವಳನ್ನು ಎತ್ತಿಕೊಳ್ಳಲು ಹೆದರಿಕೆ ಆಗುತ್ತದೆ.

ಉತ್ತರ: ಸಿಸ್ಟರ್, ಮೊದಲು ಆ 20ಕ್ಕೆ 17ರ ವಿಷಯ ಮುಗಿಸಿಬಿಡೋಣ. ಇಂಥ ಪ್ರಶ್ನೆಪತ್ರಿಕೆಗಳನ್ನು ನಾನೂ ಮಾಡಿದ್ದೇನೆ, ಹಾಗಾಗಿ ಬೈಗುಳದಲ್ಲಿ ನನಗೂ ಪಾಲಿದೆ. 'ಕೈ ತೊಳೆಯುವುದು ಮುಖ್ಯವೇ? ಹೌದು ಅಥವಾ ಅಲ್ಲ.' ಇದಕ್ಕೆ 'ಅಲ್ಲ' ಎಂದು ಬರೆಯುವವರು ಯಾರಿದ್ದಾರೆ? ಎಲ್ಲರಿಗೂ ಅಂಕ ಬರುತ್ತದೆ, ಎಲ್ಲರಿಗೂ ಸರ್ಟಿಫಿಕೇಟ್ ಸಿಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಈ ವೈರಸ್ ರೋಗಿಯ ಮೈಯಿಂದ ಎಲ್ಲಿ ಹೊರಬಿತ್ತು? ಆಮೇಲೆ ಎಲ್ಲೆಲ್ಲಿ ಕೂತಿತು? ನನ್ನೊಳಗೆ ಎಲ್ಲಿಂದ ಹೊಕ್ಕಿತು? ಈ ಮೂರಕ್ಕೆ ಉತ್ತರ ಗೊತ್ತಿದ್ದರೆ ಏನು ಹಾಕಬೇಕು, ಏನು ತೊಳೆಯಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಹಾಕಿಕೊಂಡೂ ಸೋಂಕು ತಗಲುತ್ತದೆ. ನಿಮಗೆ ಆಗಿದ್ದು ಅದೇ ಅಂತ ಕಾಣುತ್ತದೆ.

ಲ್ಯಾಬ್ ರಿಪೋರ್ಟ್ ನನ್ನ ಮುಂದಿಲ್ಲ. ಆದರೂ ಮಗುವಿಗೂ ದೊಡ್ಡವರಿಗೂ ಒಟ್ಟಿಗೆ ಹಬ್ಬಿದ ವಾಂತಿ, ಅದೂ ಇಷ್ಟು ಬೇಗ ಅಂದರೆ ನನ್ನ ಅನುಮಾನ ನೊರೊವೈರಸ್ ಮೇಲೆ. ಇದು ದೇಹಕ್ಕೆ ಹೊಕ್ಕ 12ರಿಂದ 48 ಗಂಟೆಯೊಳಗೆ ವಾಂತಿ ಶುರುಮಾಡುತ್ತದೆ. ಹತ್ತಾರು ಕಣ ಹೊಟ್ಟೆ ಸೇರಿದರೂ ಸಾಕು, ಕಾಯಿಲೆ ಬರಬಹುದು. ಒಂದು ಸಲ ವಾಂತಿ ಮಾಡಿದಾಗ ಹೊರಬೀಳುವುದು ಕೋಟಿಗಟ್ಟಲೆ. ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ.

ಈಗ ಆ ದಿನದ ದಾರಿಯಲ್ಲಿ ಒಮ್ಮೆ ನಡೆದು ನೋಡೋಣ. ಮಗು ವಾಂತಿ ಮಾಡಿತು. ಕಣ್ಣಿಗೆ ಕಂಡದ್ದು ಹಾಸಿಗೆ ಮೇಲೆ, ನೆಲದ ಮೇಲೆ ಬಿದ್ದದ್ದು. ಕಾಣದ್ದು ಸಣ್ಣ ತುಂತುರು. ಅದು ಸುತ್ತಮುತ್ತ ಹಾರಿ ಮಂಚದ ಕಂಬಿ, ಸಲೈನ್ ಸ್ಟ್ಯಾಂಡ್, ಪಕ್ಕದ ಮೇಜು, ನಿಮ್ಮ ಮುಂದೋಳು ಎಲ್ಲದರ ಮೇಲೂ ಕೂತಿತು. ನೀವು ಗ್ಲೌಸ್ ಹಾಕಿ ಒರೆಸಿದಿರಿ. ಅದೇ ಗ್ಲೌಸಿನಲ್ಲಿ ಸ್ಟ್ಯಾಂಡ್ ಸರಿಸಿದಿರಿ, ಪರದೆ ಎಳೆದಿರಿ, ಯಾರೋ ಕೂಗಿದರು ಅಂತ ಬಾಗಿಲು ತೆಗೆದಿರಿ. ಆಮೇಲೆ ಗ್ಲೌಸ್ ಬಿಚ್ಚಿ ಸ್ಯಾನಿಟೈಸರ್ ಉಜ್ಜಿದಿರಿ. ಅಷ್ಟರಲ್ಲಿ ಇನ್ನೊಬ್ಬ ಸಿಸ್ಟರ್ ಬರಿಗೈಯಲ್ಲಿ ಅದೇ ಬಾಗಿಲು ತೆಗೆದರು. ನರ್ಸ್‌ಗಳ ಮೇಜಿಗೆ ಹೋಗಿ ಚಾರ್ಟ್ ಬರೆದರು, ಫೋನ್ ಎತ್ತಿದರು, ಬಿಸ್ಕೆಟ್ ತಿಂದರು. ನಾನು ಊಹಿಸಿದ್ದೇ ಹೌದು, ಆದರೆ ತುಂಬಾ ತಪ್ಪಿರಲಾರದು, ಅಲ್ವಾ?

ಈ ಕತೆಯಲ್ಲಿ ಎರಡು ಕಡೆ ತಪ್ಪಾಗಿದೆ. ಒಂದು, ಸ್ಯಾನಿಟೈಸರ್.

ವೈರಸ್‌ಗಳಲ್ಲಿ ದೊಡ್ಡದಾಗಿ ಎರಡು ಜಾತಿ ಅಂತ ಇಟ್ಟುಕೊಳ್ಳಿ. ಕೆಲವಕ್ಕೆ ಮೈಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ. ಫ್ಲೂ, ಕೊರೊನಾ, ನಿಪಾ, ಎಬೋಲಾ, ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲ ಈ ಗುಂಪು. ಆಲ್ಕೋಹಾಲ್ ತಾಗಿದರೆ ಆ ಹೊದಿಕೆ ಒಡೆಯುತ್ತದೆ, ಹೊದಿಕೆ ಹೋದರೆ ವೈರಸ್ ಮುಗಿಯಿತು. ಸೋಪಿಗೂ ಆ ಶಕ್ತಿ ಇದೆ. ಇನ್ನು ಕೆಲವಕ್ಕೆ ಹೊದಿಕೆಯೇ ಇಲ್ಲ. ಗಟ್ಟಿ ಪ್ರೋಟೀನ್ ಚಿಪ್ಪು ಮಾತ್ರ. ನೊರೊ, ರೋಟಾ, ಪೋಲಿಯೊ, ಹೆಪಟೈಟಿಸ್ ಎ, ಅಡೆನೊ ಇವು ಆ ಜಾತಿ. ಒಡೆಯಲು ಹೊದಿಕೆಯೇ ಇಲ್ಲದ ಮೇಲೆ ಆಲ್ಕೋಹಾಲ್ ಏನು ಮಾಡಬೇಕು? ಇವೆಲ್ಲ ಅದಕ್ಕೆ ಒಂದೇ ಸಮ ಜಗ್ಗುವುದಿಲ್ಲ ಅಂತಲ್ಲ. ಆದರೆ ನೊರೊವೈರಸ್ ವಿಷಯದಲ್ಲಿ ಸ್ಯಾನಿಟೈಸರನ್ನೇ ನಂಬಿ ಕೂರುವಂತಿಲ್ಲ. ಇಲ್ಲಿ ಸೋಪು, ಹರಿಯುವ ನೀರು ಬೇಕು. ಸೋಪು ಈ ಜಾತಿಯನ್ನು ಕೊಲ್ಲುತ್ತದೆ ಅಂತಲ್ಲ, ಚರ್ಮದಿಂದ ಬಿಡಿಸಿ ಸಿಂಕಿಗೆ ಇಳಿಸುತ್ತದೆ. ಅದಕ್ಕೇ ಉಜ್ಜುವುದು, ತೊಳೆಯುವುದು, ಒರೆಸಿ ಒಣಗಿಸುವುದು ಎಲ್ಲ ಸೇರಿ 40ರಿಂದ 60 ಸೆಕೆಂಡ್ ಬೇಕು ಅನ್ನುವುದು. ಬೆರಳ ತುದಿ, ಹೆಬ್ಬೆರಳು ಬಿಟ್ಟುಹೋಗುವುದೇ ಜಾಸ್ತಿ. ಬಾಯಿಗೆ ಹೋಗುವುದೂ ಅವೇ.

ಹಾಗಂತ ಸ್ಯಾನಿಟೈಸರ್ ಬೇಡ ಅಂತ ನಾಳೆಯಿಂದ ಬಾಟಲಿ ಎತ್ತಿಡಬೇಡಿ. ದಿನವಿಡೀ ಮಾಡುವ ಕೆಲಸದಲ್ಲಿ, ಕೈ ಕಣ್ಣಿಗೆ ಕೊಳೆಯಾಗಿ ಕಾಣದಿದ್ದಾಗ, ಅದೇ ಒಳ್ಳೆಯದು. ಬೇಗ ಆಗುತ್ತದೆ, ಮಂಚದ ಪಕ್ಕದಲ್ಲೇ ಸಿಗುತ್ತದೆ, ಚರ್ಮವೂ ಅಷ್ಟು ಒಡೆಯುವುದಿಲ್ಲ. ಇಪ್ಪತ್ತು ಮೂವತ್ತು ಸೆಕೆಂಡ್, ಕೈ ಒಣಗುವವರೆಗೆ ಉಜ್ಜಬೇಕು. ಒದ್ದೆ ಇರುವಾಗಲೇ ಗ್ಲೌಸ್ ಎಳೆದುಕೊಂಡರೆ ಉಜ್ಜಿದ್ದು ಸುಮ್ನೆ. ವಾಂತಿ, ಭೇದಿ ಇರುವ ರೋಗಿಯ ಹತ್ತಿರ ಮಾತ್ರ ಸಿಂಕಿನ ಕಡೆ ನಡೆಯಿರಿ.

ಎರಡನೇ ತಪ್ಪು ಗ್ಲೌಸಿನದು. ಗ್ಲೌಸ್ ನಿಮ್ಮ ಕೈಯನ್ನು ಕಾಪಾಡುತ್ತದೆ, ವಾರ್ಡನ್ನಲ್ಲ. ಬರಿಗೈಗೆ ಏನಾದರೂ ಅಂಟಿದರೆ ನಮಗೆ ಅಸಹ್ಯ ಆಗುತ್ತದೆ, ತೊಳೆಯಲು ಓಡುತ್ತೇವೆ. ಗ್ಲೌಸ್ ಆ ಅಸಹ್ಯವನ್ನೇ ತೆಗೆದುಬಿಡುತ್ತದೆ. ನನ್ನ ಮಟ್ಟಿಗೆ ಅದರ ದೊಡ್ಡ ಅಪಾಯವೇ ಇದು. ಗ್ಲೌಸ್ ಹಾಕಿದವರು ಮೂಗು ತುರಿಸಿಕೊಂಡದ್ದನ್ನು, ಕನ್ನಡಕ ಮೇಲೇರಿಸಿದ್ದನ್ನು, ಜೇಬಿನಿಂದ ಮೊಬೈಲ್ ತೆಗೆದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಕೆಲಸಕ್ಕೆ ಒಂದು ಜೊತೆ. ಕೆಲಸ ಮುಗಿದ ಜಾಗದಲ್ಲೇ ಬಿಚ್ಚಬೇಕು, ಬಿಚ್ಚಿದ ಮೇಲೆ ಕೈ ತೊಳೆಯಬೇಕು. ಗ್ಲೌಸಿನ ಮೇಲೆ ಸ್ಯಾನಿಟೈಸರ್ ಹಚ್ಚಿ ಅದನ್ನೇ ಮುಂದಿನ ರೋಗಿಗೆ ಬಳಸುವುದಂತೂ ಬೇಡವೇ ಬೇಡ.

ನೆಲ ಒರೆಸುವವರನ್ನು ನಿಮ್ಮ ತರಬೇತಿಗೆ ಕರೆದಿದ್ದರೋ ಇಲ್ಲವೋ ನೀವು ಬರೆದಿಲ್ಲ. ಬಹಳ ಕಡೆ ಕರೆಯುವುದಿಲ್ಲ. ನೊರೊವೈರಸ್ ಗಟ್ಟಿ ಮೇಲ್ಮೈಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಅದನ್ನು ಮುಗಿಸುವವರು ನಾವಲ್ಲ, ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ಬ್ಲೀಚ್ ದ್ರಾವಣ) ಬಕೆಟ್ ಹಿಡಿದವರು. ಹೈಪೋ ಸುರಿಯುವ ಮುಂಚೆ ವಾಂತಿಯನ್ನು ಬಟ್ಟೆಯಿಂದಲೋ ಪೇಪರಿನಿಂದಲೋ ಮೆಲ್ಲಗೆ ಎತ್ತಿ ತೆಗೆಯಬೇಕು. ಕೊಳೆಯ ಮೇಲೇ ಸುರಿದರೆ ಕ್ಲೋರಿನ್ ಕೊಳೆಯ ಜೊತೆಗೇ ಖರ್ಚಾಗಿ ಹೋಗುತ್ತದೆ, ವೈರಸ್ಸಿಗೆ ಉಳಿಯುವುದಿಲ್ಲ. 5 ಶೇಕಡಾ ಹೈಪೋ ಒಂದು ಪಾಲಿಗೆ 49 ಪಾಲು ನೀರು ಹಾಕಿದರೆ 0.1 ಶೇಕಡಾ ಆಗುತ್ತದೆ, 9 ಪಾಲು ಹಾಕಿದರೆ 0.5 ಶೇಕಡಾ. ರಕ್ತ ಅಥವಾ ವಾಂತಿ ಚೆಲ್ಲಿದ ಕಡೆ ಈ ಎರಡನೆಯದು. ಹಾಕಿದ ತಕ್ಷಣ ಒರೆಸಬಾರದು. ಹತ್ತು ನಿಮಿಷವಾದರೂ ಒದ್ದೆ ಇರಲಿ. ನಿನ್ನೆ ಕಲಸಿಟ್ಟದ್ದಕ್ಕೆ ಇವತ್ತು ಅದೇ ಬಲ ಇರುವುದಿಲ್ಲ, ದಿನಾ ಹೊಸದು ಮಾಡಬೇಕು. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಿದರೆ ವಿಷದ ಗಾಳಿ ಬರುತ್ತದೆ. ಇದನ್ನು ಬಕೆಟ್ ಹಿಡಿಯುವವರಿಗೆ ಕೂರಿಸಿ ಹೇಳಬೇಕು, ಗೋಡೆಗೆ ಪೋಸ್ಟರ್ ಅಂಟಿಸಿದರೆ ಆಗದು.

ಇನ್ನು ನಿಮ್ಮ ಮಾಸ್ಕಿನ ಜಗಳ. ಇದರಲ್ಲಿ ನಿಮ್ಮವರ ತಪ್ಪಿಲ್ಲ, ದೊಡ್ಡವರೇ ವರ್ಷಗಟ್ಟಲೆ ಜಗಳವಾಡಿದ್ದಾರೆ. ನಾವು ಓದುವಾಗ ಕಲಿತದ್ದು ಹೀಗೆ: 5 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೊಡ್ಡದು ಹನಿ, ಅದು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ, ಸಾದಾ ಮಾಸ್ಕ್ ಸಾಕು. ಅದಕ್ಕಿಂತ ಸಣ್ಣದು ಗಾಳಿಯಲ್ಲಿ ತೇಲುತ್ತದೆ, ಎನ್95 ಬೇಕು. ಗೆರೆ ಎಳೆದ ಹಾಗೆ. ಆದರೆ ಮನುಷ್ಯರ ಉಸಿರಿಗೆ ಈ ಗೆರೆ ಗೊತ್ತಿಲ್ಲ. ಒಂದು ಕೆಮ್ಮಿನಲ್ಲಿ, ಒಂದು ಮಾತಿನಲ್ಲಿ ಎಲ್ಲ ಅಳತೆಯ ಕಣಗಳೂ ಇರುತ್ತವೆ. ಐದಕ್ಕಿಂತ ಎಷ್ಟೋ ದೊಡ್ಡವೂ ಸಾಕಷ್ಟು ಹೊತ್ತು ತೇಲುತ್ತವೆ. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವ ಕಾಯಿಲೆ ಅಲ್ಲ ಅಂತ ಖಡಾಖಂಡಿತವಾಗಿ ಹೇಳಿತ್ತು. ಅದೇ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಗಾಳಿಯ ದಾರಿಯನ್ನು ಒಪ್ಪಿಕೊಳ್ಳಿ ಅಂದರು. 2024ರಲ್ಲಿ ಅದೇ ಸಂಸ್ಥೆ ಹೊಸ ಪದಗಳನ್ನು ತಂದು, 5 ಮೈಕ್ರಾನಿನ ಗೆರೆಯನ್ನು ಕೈಬಿಟ್ಟಿತು. ಈಗ ಎಲ್ಲವೂ ಸೋಂಕು ಹೊತ್ತ ಉಸಿರಿನ ಕಣಗಳೇ. ಕೆಲವು ಹತ್ತಿರದಲ್ಲಿ ನೇರವಾಗಿ ಬಂದು ಬೀಳುತ್ತವೆ, ಕೆಲವನ್ನು ನಾವು ಉಸಿರೆಳೆದುಕೊಳ್ಳುತ್ತೇವೆ.

ಹೊಗೆ ಅಂತ ಅಂದುಕೊಂಡರೆ ಸುಲಭ. ಬೀಡಿ ಸೇದುವವನ ಪಕ್ಕ ನಿಂತರೆ ಹೊಗೆ ದಟ್ಟ. ಕೋಣೆಯ ಆ ತುದಿಯಲ್ಲಿ ನಿಂತರೆ ಕಡಿಮೆ, ಆದರೆ ಕಿಟಕಿ ಮುಚ್ಚಿದ್ದರೆ ಹೊತ್ತು ಹೋದಂತೆ ಅಲ್ಲಿಗೂ ತುಂಬುತ್ತದೆ. ಅವನು ಎದ್ದು ಹೋದರೂ ವಾಸನೆ ಉಳಿಯುತ್ತದೆ. ದಡಾರ ಅದೇ ರೀತಿ. ರೋಗಿ ಕೋಣೆ ಬಿಟ್ಟು ಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಿಂದ ಅದು ಹತ್ತಬಹುದು. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬ ದಡಾರದ ರೋಗಿ 12ರಿಂದ 18 ಮಂದಿಗೆ ಹರಡಬಲ್ಲ ಅನ್ನುತ್ತಾರೆ.

ಈ ವಿಷಯಕ್ಕೆ ನಾನು ಯಾವಾಗಲೂ ಹೇಳುವ ಒಂದು ಹಳೆಯ ಘಟನೆ ಇದೆ. 1970ರಲ್ಲಿ ಜರ್ಮನಿಯ ಮೆಶೆಡೆ ಎಂಬ ಊರಿನ ಆಸ್ಪತ್ರೆಗೆ ಒಬ್ಬ ಸಿಡುಬಿನ ರೋಗಿ ಬಂದ. ಮೊದಲು ಟೈಫಾಯ್ಡ್ ಅಂದುಕೊಂಡಿದ್ದರು. ನೆಲಮಹಡಿಯಲ್ಲಿ ಪ್ರತ್ಯೇಕ ಕೋಣೆ ಕೊಟ್ಟಿದ್ದರು, ಅವನು ಹೊರಗೆ ಬಂದವನಲ್ಲ. ಆದರೂ ಅವನ ಮುಖವನ್ನೇ ನೋಡದ, ಮೇಲಿನ ಮಹಡಿಗಳಲ್ಲಿದ್ದ ರೋಗಿಗಳಿಗೆ ಸಿಡುಬು ಬಂತು. ತನಿಖೆ ಮಾಡಿದವರು ಅವನ ಕೋಣೆಯಲ್ಲಿ ಹೊಗೆ ಹಾಕಿ ನೋಡಿದರು. ಹೊಗೆ ಬಾಗಿಲಿನಿಂದ ಹೊರಟು ಮೆಟ್ಟಿಲ ಸಾಲು ಹಿಡಿದು ಮೇಲೇರಿತು. ಕಿಟಕಿಯಿಂದ ಹೊರಬಿದ್ದು ಗೋಡೆಯುದ್ದಕ್ಕೆ ಏರಿ ಮೇಲಿನ ಕಿಟಕಿಗಳಲ್ಲಿ ಒಳಹೊಕ್ಕಿತು. ನಿಮ್ಮ ವಾರ್ಡಿನಲ್ಲಿ ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ, ಯಾವತ್ತಾದರೂ ನೋಡಿದ್ದೀರಾ? ತೆಳು ಟಿಶ್ಯೂ ಪೇಪರಿನ ಚೂರನ್ನು ಬಾಗಿಲ ಸಂದಿಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆ.

ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗಂಟೆಗೆ 12 ಸಲ ಬದಲಾದರೆ ತೇಲುವ ಕಣಗಳಲ್ಲಿ ನೂರಕ್ಕೆ 99 ಹೊರಹೋಗಲು ಸುಮಾರು 23 ನಿಮಿಷ ಸಾಕು. ಎರಡೇ ಸಲ ಬದಲಾದರೆ ಅದಕ್ಕೆ 138 ನಿಮಿಷ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ತಂಪು ಇರುತ್ತದೆ, ಹೊಸ ಗಾಳಿ ಇರುತ್ತದೆ ಅಂತೇನಿಲ್ಲ. ಗೋಡೆಯ ಸಾದಾ ಎಸಿ ಒಳಗಿನದನ್ನೇ ತಿರುಗಿಸುತ್ತದೆ.

ಈಗ ನೇರ ಉತ್ತರ. ದಡಾರ, ಚಿಕನ್‌ಪಾಕ್ಸ್, ಕೋವಿಡ್ ಇರುವವರ ಆರೈಕೆಗೆ ಎನ್95. ಟಿಬಿಗೂ ಅದೇ (ಅದು ವೈರಸ್ ಅಲ್ಲ, ಆದರೂ ಇಲ್ಲಿಗೆ ಸೇರುತ್ತದೆ). ಗಂಟಲಿಗೆ ಟ್ಯೂಬ್ ಹಾಕುವಾಗ, ಉಸಿರಿನ ನಾಳದ ಸಕ್ಷನ್ ಮಾಡುವಾಗ (ಅಂದರೆ ಕಫ ಹೀರಿ ತೆಗೆಯುವಾಗ), ಉಸಿರಿನ ಸೋಂಕು ಯಾವುದೇ ಇರಲಿ, ಎನ್95 ಹಾಕಿ, ಕಣ್ಣನ್ನೂ ಮುಚ್ಚಿ. ಫ್ಲೂ ರೋಗಿಗೆ ಔಷಧ ಕೊಡುವಂಥ ಸಾಮಾನ್ಯ ಕೆಲಸಕ್ಕೆ ಬಹುಪಾಲು ನಿಯಮಗಳು ಸಾದಾ ಸರ್ಜಿಕಲ್ ಮಾಸ್ಕ್ ಸಾಕು ಅನ್ನುತ್ತವೆ. ಗಾಳಿಯಾಡದ ಕೋಣೆಯಾದರೆ ನಾನಂತೂ ಎನ್95 ಹಾಕುತ್ತೇನೆ. ವಾಂತಿ ಮಾಡುತ್ತಿರುವ ಮಗುವನ್ನು ಹಿಡಿಯುವಾಗ, ಆ ವಾಂತಿಯನ್ನು ಬಳಿದು ತೆಗೆಯುವಾಗ ಸರ್ಜಿಕಲ್ ಮಾಸ್ಕ್, ಗೌನ್, ಗ್ಲೌಸ್. ರೋಗಿ ಕೆಮ್ಮುತ್ತಿದ್ದರೆ ಅವರಿಗೂ ಒಂದು ಸರ್ಜಿಕಲ್ ಮಾಸ್ಕ್ ಕೊಡಿ. ಹರಡುವುದನ್ನು ಮೂಲದಲ್ಲೇ ಹಿಡಿಯುವುದು ಎಲ್ಲಕ್ಕಿಂತ ಅಗ್ಗ.

ಎನ್95 ಬರೀ ಜಾಲರಿ ಅಲ್ಲ. ಅದರ ಎಳೆಗಳಲ್ಲಿ ವಿದ್ಯುತ್ತಿನ ಸೆಳೆತ ತುಂಬಿರುತ್ತಾರೆ. ಸಣ್ಣ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಸೋಪಿನಲ್ಲಿ ಒಗೆದರೆ, ಸ್ಯಾನಿಟೈಸರ್ ಚಿಮುಕಿಸಿದರೆ ಆ ಸೆಳೆತ ಹೋಗುತ್ತದೆ. ನೋಡಲು ಮಾತ್ರ ಎನ್95 ಹಾಗೇ ಇರುತ್ತದೆ. ಕೆನ್ನೆಗೆ ಕಚ್ಚಿ ಕೂರದಿದ್ದರೂ ಅಷ್ಟೇ, ಗಾಳಿ ಸುಲಭದ ದಾರಿ ಹುಡುಕಿಕೊಂಡು ಸಂದಿಯಿಂದ ನುಗ್ಗುತ್ತದೆ. ಗಡ್ಡ ಬಿಟ್ಟ ಡಾಕ್ಟರುಗಳಿಗೆ ಇದನ್ನು ನೀವೇ ಹೇಳಿ, ನಾನು ಹೇಳಿ ಸೋತಿದ್ದೇನೆ.

ದಾರಿಯ ಜೊತೆಗೆ ಹೊತ್ತೂ ಗೊತ್ತಿರಬೇಕು. ಇದನ್ನು ತರಬೇತಿಗಳಲ್ಲಿ ಒಂದೇ ಸ್ಲೈಡಿನಲ್ಲಿ ಮುಗಿಸುತ್ತಾರೆ. 2003ರ ಸಾರ್ಸ್ ಕಾಯಿಲೆಯಲ್ಲಿ (ಅದೂ ಕೊರೊನಾ ಜಾತಿಯ ವೈರಸ್ಸಿನದೇ) ರೋಗಿಯಿಂದ ವೈರಸ್ ಅತಿ ಹೆಚ್ಚು ಹೊರಬರುತ್ತಿದ್ದದ್ದು ಎರಡನೇ ವಾರದ ಹೊತ್ತಿಗೆ. ಅಷ್ಟರಲ್ಲಿ ರೋಗಿ ಆಸ್ಪತ್ರೆಯಲ್ಲಿರುತ್ತಿದ್ದ. ಆ ಬಾರಿಯ ಸುಮಾರು 8,000 ರೋಗಿಗಳಲ್ಲಿ ಐದನೇ ಒಂದು ಪಾಲು ಆರೋಗ್ಯ ಸಿಬ್ಬಂದಿಯೇ ಆಗಿದ್ದು ಅದಕ್ಕೇ. ಕೋವಿಡ್‌ನಲ್ಲಿ ಇದು ತಿರುಗುಮುರುಗು: ಲಕ್ಷಣ ಕಾಣುವ ಒಂದೆರಡು ದಿನ ಮುಂಚೆಯೇ ಹರಡಲು ಶುರು. ಹಾಗಾಗಿ ಅದು ವಾರ್ಡಿಗಿಂತ ನಮ್ಮ ಊಟದ ಕೋಣೆಯಲ್ಲಿ, ಮಾಸ್ಕ್ ತೆಗೆದು ಹರಟುವ ಹೊತ್ತಿನಲ್ಲಿ ಎಷ್ಟೋ ಮಂದಿಗೆ ಹತ್ತಿತು. ದಡಾರ ಗುಳ್ಳೆ ಏಳುವ ನಾಲ್ಕು ದಿನ ಮುಂಚಿನಿಂದ, ಎದ್ದ ನಾಲ್ಕು ದಿನದವರೆಗೆ. ಎಬೋಲಾ ಲಕ್ಷಣ ಶುರುವಾಗುವ ಮುಂಚೆ ಹರಡುವುದಿಲ್ಲ. ಕಾಯಿಲೆ ಏರಿದಂತೆ ಅಪಾಯ ಏರುತ್ತದೆ, ಸತ್ತ ದೇಹದಲ್ಲೂ ಇರುತ್ತದೆ. ನೊರೊವೈರಸ್ ವಾಂತಿ ನಿಂತ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ, ಮಲದಲ್ಲಿ ಹೋಗುತ್ತಿರುತ್ತದೆ. ನಿಮ್ಮ ಆರು ಮಂದಿಯಲ್ಲಿ ಎಷ್ಟು ಜನ 'ಈಗ ಪರವಾಗಿಲ್ಲ' ಅಂತ ಮಾರನೇ ದಿನವೇ ಬಂದರು? ಕೊನೆಯ ವಾಂತಿ ಭೇದಿಯ ನಂತರ 48 ಗಂಟೆ ಮನೆಯಲ್ಲಿರಬೇಕು. ಮೇಲಿನವರು ರಜೆ ಕೊಡದಿದ್ದರೆ ಈ ಸಾಲನ್ನೇ ತೋರಿಸಿ.

ಇನ್ನೊಂದು ಮಾತು ಹೇಳಲೇಬೇಕು. ಕಾಯಿಲೆಯ ಹೆಸರು ಗೊತ್ತಾದ ರೋಗಿಯ ಹತ್ತಿರ ನಾವೆಲ್ಲ ಹುಷಾರಾಗಿರುತ್ತೇವೆ. ಹತ್ತುವುದು ಹೆಸರು ಗೊತ್ತಾಗುವ ಮುಂಚೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಬಂದಾಗ ಮೊದಲ ರೋಗಿಯ ಕಾಯಿಲೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಅವರನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ತೀರಿಕೊಂಡರು. ಸೋಂಕು ತಗಲಿದ ಬಹುಪಾಲು ಮಂದಿಗೆ ಅದು ತಗಲಿದ್ದೂ ಆಸ್ಪತ್ರೆಗಳಲ್ಲೇ. ಲಿನಿಯವರು ಏನೋ ತಪ್ಪು ಮಾಡಿದರು ಅಂತ ಇದರಿಂದ ಪಾಠ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಡ್ಯೂಟಿ ಮಾಡುತ್ತಿದ್ದರು. ನಾವು ಮಾಡಬಹುದಾದದ್ದು ಇಷ್ಟೇ: ಜ್ವರದ ಜೊತೆ ಕೆಮ್ಮು, ವಾಂತಿ, ಗುಳ್ಳೆ ಅಥವಾ ಪ್ರಜ್ಞೆ ತಪ್ಪಿದ ಸ್ಥಿತಿ ಇದ್ದವರು ಬಾಗಿಲಿಗೆ ಬಂದ ಕೂಡಲೇ, ಲ್ಯಾಬಿಗೆ ಕಾಯದೆ, ಮಾಸ್ಕ್ ಹಾಕಿ ಬೇರೆ ಕಡೆ ಕೂರಿಸುವುದು. ಯಾರದೇ ರಕ್ತ, ವಾಂತಿ, ಕಫ ಇದ್ದರೂ ಅದರಲ್ಲಿ ಸೋಂಕಿದೆ ಅಂತಲೇ ನಡೆದುಕೊಳ್ಳುವುದು.

ಹಾಕಿದ್ದನ್ನು ಬಿಚ್ಚುವ ಬಗ್ಗೆ ನೀವು ಕೇಳಿಲ್ಲ, ಆದರೆ ಬಹಳ ಮಂದಿ ಎಡವುವುದು ಅಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ತರಬೇತಿಯಲ್ಲಿ ನನ್ನ ಗೌನ್ ಮೇಲೆ, ಗ್ಲೌಸ್ ಮೇಲೆ ಕಣ್ಣಿಗೆ ಕಾಣದ ಹೊಳೆಯುವ ಪುಡಿ ಬಳಿದರು. ಹೇಗೆ ಬಿಚ್ಚಬೇಕು ಅಂತ ಹುಡುಗಿಯರಿಗೆ ಠೀವಿಯಿಂದ ತೋರಿಸಿಕೊಟ್ಟೆ. ದೀಪ ಆರಿಸಿ ನೇರಳೆ ಬೆಳಕು ಹಿಡಿದರೆ ನನ್ನ ಮಣಿಕಟ್ಟು, ಕುತ್ತಿಗೆ, ಬಲಗಿವಿಯ ಹಿಂದೆ ಎಲ್ಲ ಮಿನುಗುತ್ತಿತ್ತು. ಎಲ್ಲರೂ ನಕ್ಕರು. ನಾನು ಅವಸರದಲ್ಲಿ ಗ್ಲೌಸ್ ತೆಗೆದು, ನಡುವೆ ಕೈ ಉಜ್ಜದೆ ಮಾಸ್ಕಿನ ದಾರಕ್ಕೆ ಕೈ ಹಾಕಿದ್ದೆ. ಅತಿ ಕೊಳೆಯಾದದ್ದು ಮೊದಲು, ಅಂದರೆ ಗ್ಲೌಸ್. ಕೈ ಉಜ್ಜಿ. ಆಮೇಲೆ ಕಣ್ಣಿನದು, ಗೌನ್. ಕೈ ಉಜ್ಜಿ. ಮಾಸ್ಕ್ ಕೊನೆಗೆ, ಅದೂ ಕೋಣೆಯಿಂದ ಹೊರಗೆ ಬಂದ ಮೇಲೆ, ಹಿಂದಿನ ದಾರ ಹಿಡಿದು. ಮತ್ತೆ ಕೈ. ಇಬ್ಬರಿದ್ದರೆ ಒಬ್ಬರು ನಿಂತು ನೋಡಿ ಜೋರಾಗಿ ಹೇಳಿ. ದಣಿದ ತಲೆಗೆ ಕ್ರಮ ನೆನಪಿರುವುದಿಲ್ಲ.

ಸೂಜಿ ಚುಚ್ಚಿದರೆ ಏನು ಮಾಡಬೇಕು ಎಂಬುದು ನಿಮಗೆ ಗೊತ್ತಿರುತ್ತದೆ. ಹಿಂಡದೆ ಸೋಪು ನೀರಲ್ಲಿ ತೊಳೆದು, ತಕ್ಷಣ ವರದಿ. ಎಚ್‌ಐವಿ ತಡೆಯ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆದರೆ ಎಲ್ಲರೂ ಹೆದರುವ ಎಚ್‌ಐವಿ, ಸೋಂಕಿದ್ದ ರೋಗಿಯ ಸೂಜಿಯೇ ಆದರೂ, ಆ ಒಂದು ಚುಚ್ಚಿನಿಂದ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ 30ರವರೆಗೂ ಇರಬಹುದು. ನಿಮ್ಮ ಮೂರೂ ಡೋಸ್ ಆಗಿದೆಯೇ, ಹಳೆಯ ಕಾರ್ಡ್ ಹುಡುಕಿ ನೋಡಿ. ದಡಾರದ ಎರಡು ಡೋಸನ್ನೂ ನೋಡಿ.

ಕೊನೆಗೆ ನಿಮ್ಮ ಮಗಳು. ಎತ್ತಿಕೊಳ್ಳಿ, ಸಿಸ್ಟರ್. ಆದರೆ ಬಾಗಿಲಲ್ಲೇ ಬೇಡ. ಯೂನಿಫಾರ್ಮನ್ನು ಆಸ್ಪತ್ರೆಯಲ್ಲೇ ಬದಲಿಸಿ ಚೀಲದಲ್ಲಿ ಹಾಕಿ ತನ್ನಿ, ಬೇರೆಯಾಗಿ ಬಿಸಿನೀರು, ಸೋಪಿನಲ್ಲಿ ಒಗೆಯಿರಿ. ಹೊರಡುವ ಮುಂಚೆ ಮೊಬೈಲ್ ಒರೆಸಿ. ಮನೆಗೆ ಬಂದು ಕೈಯನ್ನು, ಮೊಣಕೈವರೆಗೆ, ಸೋಪಿನಲ್ಲಿ ತೊಳೆಯಿರಿ. ವಾಂತಿಯ ರೋಗಿಗಳಿದ್ದ ದಿನ ಸ್ನಾನ ಮಾಡಿಯೇ ಎತ್ತಿಕೊಳ್ಳಿ. ನಿಮಗೇ ವಾಂತಿ ಭೇದಿ ಇದ್ದಾಗ, ನಿಂತ ಎರಡು ದಿನವೂ, ಅವಳಿಗೆ ಅಡುಗೆ ಬೇರೆ ಯಾರಾದರೂ ಮಾಡಲಿ, ನಿಮ್ಮ ಟವೆಲ್ ಅವಳ ಕೈಗೆ ಸಿಗದಿರಲಿ. ಆರೋಗ್ಯವಾಗಿದ್ದು, ಕೈ ತೊಳೆದು, ಬಟ್ಟೆ ಬದಲಿಸಿದ ನಿಮ್ಮಿಂದ ಅವಳಿಗೆ ಅಪಾಯ ಬಹಳ ಕಡಿಮೆ. ಅವಳ ಲಸಿಕೆ ಕಾರ್ಡಿನಲ್ಲಿ ಏನಾದರೂ ಬಾಕಿ ಇದೆಯೇ ಅಂತ ಮಾತ್ರ ಇವತ್ತೇ ನೋಡಿಬಿಡಿ.